ಕಾರ್ಪೆಟಿನ ಕೆಳಗಿನ ಕಿಲುಬು
ಹಳೆಯ ಕಾರುಗಳ ವಿದ್ಯುತ್ ದೋಷಗಳನ್ನು ಹುಡುಕುವ ಬಗೆ

ಮಳೆಗಾಲದಲ್ಲಿ ಹಳೆಯ ಕಾರುಗಳಿಗೆ ಬರುವ ಬೇನೆಗಳಲ್ಲಿ ಒಂದು ಬಹು ವಿಚಿತ್ರವಾದುದು. ಬ್ರೇಕು ತುಳಿದರೆ ಹಿಂಬದಿಯ ಇಂಡಿಕೇಟರು ಮಂಕಾಗಿ ಬೆಳಗುತ್ತದೆ. ಬಾಗಿಲು ಮುಚ್ಚಿದರೂ ಒಳಗಿನ ದೀಪ ಆರುವುದಿಲ್ಲ. ತುಂಬಿದ ಟ್ಯಾಂಕಿದ್ದರೂ ಪೆಟ್ರೋಲಿನ ಮುಳ್ಳು ಮನಬಂದಂತೆ ಓಲಾಡುತ್ತದೆ. ಹೊಸದಾಗಿ ಹಾಕಿದ ಫ್ಯೂಸು ಮನೆಯ ಗೇಟು ದಾಟುವಷ್ಟರಲ್ಲಿ ಸುಟ್ಟುಹೋಗುತ್ತದೆ. ಬಲ್ಬು ಬದಲಿಸಿದ್ದಾಯಿತು, ಸ್ವಿಚ್ಚು ಬದಲಿಸಿದ್ದಾಯಿತು, ಕೊನೆಗೆ ಬ್ಯಾಟರಿಯನ್ನೂ ಬದಲಿಸಿದ್ದಾಯಿತು. ಬೇನೆ ಮಾತ್ರ ಹಾಗೆಯೇ ಉಳಿಯಿತು. ನಾಲ್ಕು ದಿನ ಬಿಸಿಲು ಬಿದ್ದಾಗ ತಾನಾಗಿಯೇ ಮಾಯವಾದುದು ಮಳೆ ಹಿಡಿದೊಡನೆ ಮರಳಿ ಬರುತ್ತದೆ. ಇಂತಹ ಕಾರಿಗೆ ದೆವ್ವ ಹಿಡಿದಿದೆಯೆಂದು ನಗೆಯಾಡುವವರೂ ಉಂಟು.

ದೆವ್ವ ಯಾವುದೂ ಇಲ್ಲ. ಇಂತಹ ಕಾರಿನ ನೆಲದ ಕಾರ್ಪೆಟನ್ನು ಎತ್ತಿ ನೋಡಿದರೆ ಹಲವು ಸಲ ಅಲ್ಲಿ ನೀರು ಕಾಣಸಿಗುತ್ತದೆ; ನೀರಿನಲ್ಲಿ ಮುಳುಗಿದ ತಂತಿಗಳ ಕಟ್ಟು ಕಾಣಸಿಗುತ್ತದೆ; ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಸಂದುಗಳಲ್ಲಿ, ಹುಳಿ ಬಿದ್ದ ತಾಮ್ರದ ಪಾತ್ರೆಯ ಮೇಲೆ ಏಳುವಂತಹ ಹಸುರು ಕಿಲುಬು ಕಾಣಸಿಗುತ್ತದೆ. ಈ ಮೂರನ್ನೂ ಬಲ್ಲವರಿಗೆ ಮೇಲೆ ಹೇಳಿದ ವಿಚಿತ್ರಗಳೆಲ್ಲ ವಿಚಿತ್ರವಾಗಿ ಉಳಿಯುವುದಿಲ್ಲ. ಅವನ್ನು ನಮ್ಮ ವಾಚಕ ಬಂಧುಗಳಿಗೆ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ನಮಗೇಕೆ ಈ ವಿಚಾರ?

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡು ಕಾಸರಗೋಡು. ಜೂನ್ ತಿಂಗಳ ಮೊದಲಲ್ಲಿ ಹಿಡಿಯುವ ಮಳೆ ಸೆಪ್ಟೆಂಬರಿನವರೆಗೂ ಕಾರಿನ ಒಡಲನ್ನು ಒಣಗಲು ಬಿಡುವುದಿಲ್ಲ. ಸಾಲದುದಕ್ಕೆ ಕಡಲ ಗಾಳಿಯ ಉಪ್ಪು ಬೇರೆ. ವಯನಾಡು, ನೀಲಗಿರಿಗಳ ಕಡೆ ಮಂಜಿನ ತೇವವುಂಟು. ಸೊಲ್ಲಾಪುರ, ಆದವಾನಿಗಳ ಒಣ ಸೀಮೆಯಲ್ಲಿ ನೀರಿನ ಕಾಟ ಕಡಿಮೆಯಾದರೂ, ಧಾನ್ಯದ ಮೂಟೆ, ಕಡಲೆಕಾಯಿಯ ಚೀಲಗಳ ವಾಸನೆಗೆ ಬಂದ ಇಲಿಗಳು ಕಾರಿನೊಳಗೆ ಸೇರಿ ತಂತಿಯ ಮೈಹೊದಿಕೆಯನ್ನು ಕಡಿದುಹಾಕುವುದುಂಟು. ಕಾರಣ ಬೇರೆಯಾದರೂ ಹುಡುಕುವ ಕ್ರಮ ಒಂದೇ.

ಇನ್ನೊಂದು ಮಾತು. ಗಡಿಯಾಚೆ ನೆಲಸಿದ ನಮ್ಮ ಕುಟುಂಬಗಳಿಗೆ ಕಾರೆಂಬುದು ಬರಿಯ ಅನುಕೂಲದ ವಸ್ತುವಲ್ಲ. ಕಾಸರಗೋಡಿನ ಎಷ್ಟೋ ಮನೆಯವರು ದೊಡ್ಡ ಆಸ್ಪತ್ರೆಯೆಂದರೆ 50 ಕಿಲೋಮೀಟರು ದೂರದ ಮಂಗಳೂರನ್ನೇ ನೆನೆಯುತ್ತಾರೆ. ತೋಟದ ನಡುವಿನ ಒಂಟಿಮನೆಯಲ್ಲಿ ಅಪರಾತ್ರಿ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಾಗ, ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಹಳೆಯ ಕಾರು ಒಮ್ಮೆಗೇ ಚಾಲೂ ಆಗಬೇಕು. ಅದರ ದೀಪಗಳು ಹೊತ್ತಬೇಕು. ಮಳೆಯ ಕತ್ತಲೆಯಲ್ಲಿ ಹಿಂದಿನಿಂದ ಬರುವ ಲಾರಿಗೆ ಅದರ ಬ್ರೇಕು ದೀಪ ಕಾಣಬೇಕು. ಅಲ್ಲದೆ, ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಗಳದು. ಬಳಿಕ ಐದೈದು ವರ್ಷಗಳಿಗೆ ಅದನ್ನು ನವೀಕರಿಸಿಕೊಳ್ಳುವಾಗ ಪರೀಕ್ಷಕರ ಮುಂದೆ ದೀಪಗಳೆಲ್ಲ ಸರಿಯಾಗಿ ಉರಿಯಲೇಬೇಕು.

ಹಳೆಯ ಕಾರುಗಳೆಂದಾಗ ನಮ್ಮ ಕಣ್ಣ ಮುಂದೆ ನಿಲ್ಲುವುವು ಮೂರು. 1957–58ರ ಸುಮಾರಿಗೆ ಬಂದು 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್. ಫಿಯೆಟ್ ಎಂದೇ ಜನ ಕರೆಯುತ್ತಿದ್ದ, ಮುಂಬಯಿಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರಿನಲ್ಲಿ ಮೊದಲ ಒಡೆಯನ ಕೈಸೇರಿ, 2014ರಲ್ಲಿ ತಯಾರಿಕೆ ಮುಗಿಸಿದ ಮಾರುತಿ 800. ಇವುಗಳಲ್ಲಿ ಮೂರನೆಯದು ಇಂದಿಗೂ ನಮ್ಮ ಅನೇಕ ಅಂಗಳಗಳಲ್ಲಿ ನಿಂತಿದೆ. ಆದುದರಿಂದ ಮುಖ್ಯವಾಗಿ ಅದನ್ನೇ ಮನಸ್ಸಿನಲ್ಲಿಟ್ಟು ಹೇಳುತ್ತೇವೆ.

ಕಾರ್ಪೆಟಿನ ಕೆಳಗೆ ಏನಿದೆ?

ಬ್ಯಾಟರಿ ಮುಂದಿದೆ, ಹಿಂಬದಿಯ ದೀಪಗಳು ಹಿಂದಿವೆ. ನಡುವಿನ ದಾರಿಯೇ ಕಾರಿನ ನೆಲ. ಬ್ರೇಕು ದೀಪ, ಇಂಡಿಕೇಟರು, ನಂಬರು ಪಲಗೆಯ ದೀಪ, ಪೆಟ್ರೋಲಿನ ಮಟ್ಟ ತಿಳಿಸುವ ತಂತಿ, ಬಾಗಿಲ ಸ್ವಿಚ್ಚಿನ ತಂತಿ ಇವೆಲ್ಲ ಒಂದು ಕಟ್ಟಾಗಿ, ಸಾಮಾನ್ಯವಾಗಿ ಬಾಗಿಲ ಹೊಸ್ತಿಲಿನ ಒಳಬದಿಯಲ್ಲಿ, ಕಾರ್ಪೆಟಿನ ಅಂಚಿನ ಕೆಳಗೆ ಹಿಂದಕ್ಕೆ ಹರಿಯುತ್ತವೆ. ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆಯುಳ್ಳ ಈಚಿನ ಮಾರುತಿಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪಿಗೂ ತಂತಿ ಹೋಗಬೇಕು. ಆ ತಂತಿ ಕೆಟ್ಟರೆ ದೀಪ ಮಾತ್ರ ಆರಿ ಮುಗಿಯುವುದಿಲ್ಲ. ಪಂಪಿಗೆ ಸಾಕಷ್ಟು ವೋಲ್ಟೇಜು ದೊರೆಯದೆ, ಘಾಟಿಯ ಏರಿನಲ್ಲಿ ಎಂಜಿನೇ ಬಲಗುಂದಿ ನಿಂತುಬಿಡಬಹುದು.

ಈ ತಂತಿಗಳು ವಿದ್ಯುತ್ತನ್ನು ಒಯ್ಯುತ್ತವೆ. ಮರಳಿ ತರುವುದು ಕಾರಿನ ಲೋಹದ ಒಡಲು. ಬ್ಯಾಟರಿಯ ಋಣ ಧ್ರುವವನ್ನು ಒಡಲಿಗೆ ಬಿಗಿದಿರುತ್ತಾರೆ. ಪ್ರತಿಯೊಂದು ದೀಪದಿಂದಲೂ ಒಂದು ಗಿಡ್ಡ ತಂತಿ ಒಡಲಿಗೆ ಬಂದು ಒಂದು ತಿರುಪಿನಡಿ ಸೇರುತ್ತದೆ. ಇದಕ್ಕೆ ಕೆಲಸಗಾರರು ‘ಅರ್ತ್’ ಎನ್ನುತ್ತಾರೆ. ಆ ತಿರುಪಿನ ಬುಡದಲ್ಲಿ ತುಕ್ಕು ಹಿಡಿದರೆ, ಹೋದ ವಿದ್ಯುತ್ತಿಗೆ ಮರಳುವ ದಾರಿ ಮುಚ್ಚಿದಂತೆ. (1960ರ ದಶಕದವರೆಗಿನ ಬ್ರಿಟಿಷ್ ವಿನ್ಯಾಸದ ಎಷ್ಟೋ ವಾಹನಗಳಲ್ಲಿ ಧನ ಧ್ರುವವನ್ನೇ ಒಡಲಿಗೆ ಬಿಗಿಯುತ್ತಿದ್ದರು. ತೀರ ಹಳೆಯ ಗಾಡಿಯನ್ನು ಮುಟ್ಟುವವರು ಮೊದಲು ಅದನ್ನು ನೋಡಿಕೊಳ್ಳಬೇಕು.)

ಇನ್ನು ನೀರು. ಮುಂದಿನ ಗಾಜಿನ ಸುತ್ತಲಿನ ರಬ್ಬರು ಒಣಗಿ ಬಿರಿದಾಗ, ಗಾಜಿನ ಬುಡದಲ್ಲಿರುವ ನೀರು ಹರಿದುಹೋಗುವ ತೂತಿನಲ್ಲಿ ಹಲಸಿನ ಎಲೆ, ಮಾವಿನ ಹೂ ಸಿಕ್ಕಿಕೊಂಡಾಗ, ಬಾಗಿಲಿನ ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ಕು ಹಾಳೆ ಹರಿದಾಗ, ನೆಲದ ತೂತುಗಳಿಗೆ ಹಾಕಿದ ರಬ್ಬರು ಬಿರಡೆಗಳು ಬಿದ್ದುಹೋದಾಗ ನೀರು ಒಳಬರುತ್ತದೆ. ಹವಾನಿಯಂತ್ರಣವಿರುವ ಕಾರಿನಲ್ಲಿ ಅದರ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ, ಬೇಸಗೆಯಲ್ಲಿ ಕೂಡ ಮುಂದಿನ ಪ್ರಯಾಣಿಕರ ಕಾಲಬುಡ ಒದ್ದೆಯಾಗುತ್ತದೆ. ಹೀಗೆ ಬಂದ ನೀರನ್ನು ಕಾರ್ಪೆಟಿನ ಅಡಿಯ ದಪ್ಪನೆಯ ಫೆಲ್ಟು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಮೈ ಒಣಗಿದ್ದರೂ ಒಳಗೆ ಒದ್ದೆ. ಅಂಗೈಯಿಂದ ಬಲವಾಗಿ ಒತ್ತಿ ನೋಡಿದರೆ ನಿಜ ತಿಳಿಯುತ್ತದೆ.

ತಾಮ್ರದ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಈ ತಂತಿಗಳ ತುದಿಗೆ ನೀರು ತಗಲಿದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಎಳೆಗಳ ನಡುವೆ ಒಳಕ್ಕೆ ಏರಿಕೊಳ್ಳುತ್ತದೆ. ಆದುದರಿಂದ ಮೈಹೊದಿಕೆ ಹೊರಗಿನಿಂದ ಹೊಸತರಂತೆ ಕಂಡರೂ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿರುವುದುಂಟು. ಇಂತಹ ತಂತಿಯನ್ನು ಬಾಗಿಸಿದರೆ ಸತ್ವವಿಲ್ಲದೆ ಮೆತ್ತಗೆ ಬಾಗುತ್ತದೆ, ಇಲ್ಲವೆ ಒಳಗೇ ಮುರಿದುಹೋಗುತ್ತದೆ.

ಲಕ್ಷಣ ಕಂಡು ರೋಗ ತಿಳಿಯುವುದು

ವೈದ್ಯರು ನಾಡಿ ಹಿಡಿಯುವ ಮುನ್ನ ರೋಗಿಯನ್ನು ಪ್ರಶ್ನಿಸುತ್ತಾರೆ. ಕಾರಿನ ವಿಷಯದಲ್ಲೂ ಇದೇ ಕ್ರಮ ಒಳ್ಳೆಯದು. ದೋಷ ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬ್ರೇಕು ತುಳಿದಾಗ ಬೇರೆ ದೀಪಗಳು ಮಂಕಾಗಿ ಬೆಳಗಿದರೆ, ಅದು ಅರ್ತ್ ಕೆಟ್ಟ ಲಕ್ಷಣ. ಬ್ರೇಕು ಬಲ್ಬಿನ 21 ವಾಟಿನ ಪ್ರವಾಹ ಒಡಲಿಗೆ ಇಳಿಯಲಾರದೆ, ಪಕ್ಕದ ದೀಪದ ತಂತುವಿನ ಮೂಲಕ ಹಿಂದುಮುಂದಾಗಿ ಹರಿದು ಬೇರೊಂದು ದಾರಿಯಿಂದ ಒಡಲನ್ನು ಸೇರುತ್ತದೆ.

ತಿರುವಿನಲ್ಲಿ, ಹಳ್ಳ ದಿಣ್ಣೆಗಳಲ್ಲಿ, ಅಥವಾ ಯಾರಾದರೂ ಸೀಟಿನಲ್ಲಿ ಕುಳಿತಾಗ ಮಾತ್ರ ಫ್ಯೂಸು ಸುಟ್ಟರೆ, ಎಲ್ಲೋ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗಲುತ್ತಿದೆ ಎಂದು ತಿಳಿಯಬೇಕು. ಸೀಟು ಜಾರುವ ಹಳಿಯ ಕೆಳಭಾಗ, ಹೊಸ್ತಿಲ ಪಟ್ಟಿಯ ತಿರುಪುಗಳು, ಹಿಂದಿನ ಸೀಟಿನ ಕೊಂಡಿಗಳು ಇವು ಮೂರೂ ಮೊದಲು ನೋಡಬೇಕಾದ ಸ್ಥಳಗಳು.

ಮಳೆ ಬಂದಾಗ ಕೆಟ್ಟು, ಬಿಸಿಲಿಗೆ ಸರಿಯಾದರೆ, ಕೂಡುಸಂದಿನೊಳಗೆ ನೀರಿದೆ. ಎರಡು ಮೂರು ದಿನ ನಿಂತ ಕಾರು ಚಾಲೂ ಆಗದಿದ್ದರೆ, ಏನೋ ಒಂದು ಗುಟ್ಟಾಗಿ ಬ್ಯಾಟರಿಯನ್ನು ಹೀರುತ್ತಿದೆ. 5 ವಾಟಿನ ಒಂದು ಒಳದೀಪ ಸದಾ ಉರಿದರೆ ಹೀರುವುದು ಸುಮಾರು 0.4 ಆಂಪಿಯರ್. 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯನ್ನು ಮೂರೂವರೆ ದಿನಗಳಲ್ಲಿ ಬರಿದು ಮಾಡಲು ಅದು ಸಾಕು. ಎಂಜಿನನ್ನು ತಿರುಗಿಸುವ ಶಕ್ತಿ ಅದಕ್ಕೂ ಬಹಳ ಮುಂಚೆಯೇ ಉಡುಗುತ್ತದೆ.

ಫ್ಯೂಸಿನ ಮೇಲೆ ಮುನಿಸು ಬೇಡ

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಫ್ಯೂಸು ಮೇಲಿಂದ ಮೇಲೆ ಸುಟ್ಟಾಗ ಬೇಸತ್ತು, ಅದರ ಬದಲು ಒಂದು ತಾಮ್ರದ ತಂತಿಯನ್ನೋ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನೋ ಸೇರಿಸುವ ಅಭ್ಯಾಸ ನಮ್ಮಲ್ಲಿದೆ. 10 ಆಂಪಿಯರಿನ ಜಾಗದಲ್ಲಿ 30 ಆಂಪಿಯರಿನದನ್ನು ಹಾಕುವುದೂ ಇದೇ ಜಾತಿಯ ಕೆಲಸ. ಫ್ಯೂಸೆಂಬುದು ಬೇಕೆಂದೇ ಇಟ್ಟ ದುರ್ಬಲ ಸ್ಥಳ. ತಾನು ಸುಟ್ಟು ತಂತಿಯನ್ನು ಉಳಿಸುವುದು ಅದರ ಧರ್ಮ. ಅದನ್ನು ಬಲಪಡಿಸಿದರೆ, ಮುಂದಿನ ದುರ್ಬಲ ಸ್ಥಳ ತಂತಿಯೇ ಆಗುತ್ತದೆ. ಲೋಹಕ್ಕೆ ತಗಲಿದ ತಂತಿಯ ಮೂಲಕ ಕಾರಿನ ಬ್ಯಾಟರಿ ನೂರಾರು ಆಂಪಿಯರುಗಳನ್ನು ಹರಿಸಬಲ್ಲುದು. ಕೆಲವೇ ಕ್ಷಣಗಳಲ್ಲಿ ತಂತಿ ಕೆಂಪಗೆ ಕಾದು, ಅದರ ಹೊದಿಕೆ ಕರಗಿ, ಕಟ್ಟಿನ ಉಳಿದ ತಂತಿಗಳೂ ಬೆತ್ತಲಾಗುತ್ತವೆ. ಅದರ ಮೇಲೆ ಕಾರ್ಪೆಟು, ಫೆಲ್ಟು. ಅದರ ಮೇಲಿನ ಸೀಟಿನಲ್ಲಿ ನಮ್ಮ ಮಕ್ಕಳು. ಹೊಗೆ ಕಾಣುವಷ್ಟರಲ್ಲಿ ಬೆಂಕಿ ಕಾಲ ಕೆಳಗೇ ಹೊತ್ತಿರುತ್ತದೆ.

ಅಲಗಿನಾಕಾರದ ಇಂದಿನ ಫ್ಯೂಸುಗಳಲ್ಲಿ ಬಣ್ಣವೇ ಗುರುತು: 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸುರು. ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿರುವ ಅಂಕೆಯನ್ನು ಮೀರಬಾರದು. ಬ್ರಿಟಿಷ್ ಪದ್ಧತಿಯ ಹಳೆಯ ಗಾಜಿನ ಫ್ಯೂಸುಗಳ ಮೇಲೆ 35 ಎಂದಿದ್ದರೆ, ಅದು ಫ್ಯೂಸು ಸುಡುವ ಮಟ್ಟ. ಎಡೆಬಿಡದೆ ಹೊರಬಲ್ಲ ಪ್ರವಾಹ ಅದರ ಅರ್ಧದಷ್ಟು ಮಾತ್ರ. ಆ ಪದ್ಧತಿಯ ಎಷ್ಟೋ ಗಾಡಿಗಳಲ್ಲಿ ಮುಂದೀಪದ ತಂತಿಗಳಿಗೆ ಫ್ಯೂಸೇ ಇಲ್ಲದಿರುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಕೈ ಹಾಕುವ ಮುನ್ನ

ಮೊದಲು ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಕಳಚಬೇಕು. ಧನ ಧ್ರುವವನ್ನು ಮೊದಲು ಬಿಚ್ಚಹೊರಟಾಗ ಸ್ಪ್ಯಾನರು ಒಡಲಿಗೆ ತಗಲಿದರೆ ಭಾರಿ ಕಿಡಿ ಹಾರುತ್ತದೆ. ಋಣ ಧ್ರುವದ ಸ್ಪ್ಯಾನರು ತಗಲಿದರೆ ಏನೂ ಆಗದು, ಏಕೆಂದರೆ ಅದೂ ಒಡಲೂ ಮೊದಲೇ ಒಂದಾಗಿವೆ. ಕೆಲಸ ಮುಗಿದ ಮೇಲೆ ಅದನ್ನೇ ಕೊನೆಯದಾಗಿ ಸೇರಿಸಬೇಕು. ಕೈಯ ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಡಬೇಕು. ಪೆಟ್ರೋಲಿನ ಅಥವಾ ಅಡುಗೆ ಅನಿಲದ ವಾಸನೆಯಿದ್ದರೆ, ಬಾಗಿಲುಗಳನ್ನೆಲ್ಲ ತೆರೆದು ಗಾಳಿಯಾಡಿಸದೆ ಯಾವುದನ್ನೂ ಮುಟ್ಟಕೂಡದು.

ಗಾಳಿಚೀಲದ ರಕ್ಷಣೆಯುಳ್ಳ ಕಾರುಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಅಂತಹವುಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ಕೂಡುಸಂದುಗಳು ಕಂಡರೆ, ಅವನ್ನು ಬಿಚ್ಚುವುದಾಗಲಿ ಪರೀಕ್ಷಾ ದೀಪದಿಂದ ಮುಟ್ಟುವುದಾಗಲಿ ಸಲ್ಲದು. ಚೀಲ ಸಿಡಿದು ಗಾಯವಾದೀತು. ಅದು ತರಬೇತಿ ಪಡೆದವರ ಕೆಲಸ.

ಕಾರ್ಪೆಟನ್ನು ಎಳೆದು ಕೀಳಬಾರದು. ಮೊದಲು ಸೀಟುಗಳ ಬೋಲ್ಟುಗಳನ್ನು, ಬಳಿಕ ಹೊಸ್ತಿಲ ಪಟ್ಟಿಯ ತಿರುಪುಗಳನ್ನು ಬಿಚ್ಚಿ, ಯಾವ ತಿರುಪು ಎಲ್ಲಿಯದೆಂದು ಗುರುತು ಹಾಕಿಟ್ಟುಕೊಳ್ಳಬೇಕು. ತಿರುಪಿನ ಉದ್ದಕ್ಕೆ ಏಕಿಷ್ಟು ಬೆಲೆಯೆಂಬುದನ್ನು ಮುಂದೆ ಹೇಳುತ್ತೇವೆ.

ಹುಡುಕುವ ಕ್ರಮ

ಬೇಕಾದ ಸಲಕರಣೆಗಳು ಎರಡೇ: ಒಂದು ಅಗ್ಗದ ಡಿಜಿಟಲ್ ಮೀಟರು, ಮತ್ತು ಹೋಲ್ಡರಿಗೆ ಸೇರಿಸಿ ಎರಡು ತಂತಿ ಜೋಡಿಸಿದ 21 ವಾಟಿನ ಒಂದು ಬ್ರೇಕು ಬಲ್ಬು.

ಮೊದಲ ಹೆಜ್ಜೆ ಬ್ಯಾಟರಿಯದು. ಋಣ ಧ್ರುವವನ್ನು ಮತ್ತೆ ಸೇರಿಸಿ, ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿಯನ್ನು ಅಳೆದರೆ 12.6 ವೋಲ್ಟ್ ಇರಬೇಕು; 12ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆ. ಎಂಜಿನು ಓಡುವಾಗ 13.8ರಿಂದ 14.4ರವರೆಗೆ ಇರಬೇಕು. ಇವೆರಡೂ ಸರಿಯಿದ್ದರೆ ಮಾತ್ರ ನೆಲದ ತಂತಿಗಳತ್ತ ತಿರುಗಬೇಕು.

ಫ್ಯೂಸು ಸುಡುವ ದೋಷಕ್ಕೆ ಆ 21 ವಾಟಿನ ಬಲ್ಬೇ ಮದ್ದು. ಸುಟ್ಟ ಫ್ಯೂಸನ್ನು ತೆಗೆದು ಅದರ ಎರಡು ತುದಿಗಳಿಗೆ ಈ ಬಲ್ಬನ್ನು ಜೋಡಿಸಬೇಕು. ಆ ದಾರಿಯ ಹಿಂಬದಿಯ ಬಲ್ಬುಗಳನ್ನೆಲ್ಲ ಕಳಚಿ ಸ್ವಿಚ್ಚು ಹಾಕಬೇಕು. ತಂತಿ ಸರಿಯಿದ್ದರೆ ಪರೀಕ್ಷಾ ಬಲ್ಬು ಹೊತ್ತುವುದಿಲ್ಲ, ಇಲ್ಲವೆ ಡ್ಯಾಶ್‌ಬೋರ್ಡಿನ ಸಣ್ಣ ದೀಪಗಳಿಂದಾಗಿ ಮಿಣುಕುತ್ತದೆ. ತಂತಿ ಒಡಲಿಗೆ ತಗಲಿದ್ದರೆ ಪ್ರಖರವಾಗಿ ಉರಿಯುತ್ತದೆ. ಬಲ್ಬು ತನ್ನ ಮೂಲಕ ಎರಡು ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನಷ್ಟೆ ಬಿಡುವುದರಿಂದ ಯಾವುದೂ ಸುಡದು, ಫ್ಯೂಸುಗಳೂ ಪೋಲಾಗವು. ಈಗ ಒಬ್ಬರು ಬಲ್ಬನ್ನು ನೋಡುತ್ತಿರಬೇಕು. ಇನ್ನೊಬ್ಬರು ತಂತಿಯ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಗೇಣು ಗೇಣಾಗಿ ಅಲುಗಿಸುತ್ತ ಹೋಗಬೇಕು. ಎಲ್ಲಿ ಅಲುಗಿಸಿದಾಗ ಬಲ್ಬು ಆರುತ್ತದೆಯೋ ಅಲ್ಲಿಯೇ ದೋಷ.

ಅಲುಗಿಸಿದರೂ ಸಿಗದಿದ್ದರೆ, ದಾರಿಯನ್ನು ಎರಡು ಪಾಲು ಮಾಡಬೇಕು. ನಡುವಿನ ಒಂದು ಕೂಡುಸಂದನ್ನು ಬಿಚ್ಚಿದಾಗ ಬಲ್ಬು ಆರಿದರೆ ದೋಷ ಹಿಂದಿನ ಪಾಲಿನಲ್ಲಿದೆ, ಆರದಿದ್ದರೆ ಮುಂದಿನ ಪಾಲಿನಲ್ಲಿದೆ. ಆ ಪಾಲನ್ನು ಮತ್ತೆ ಎರಡು ಮಾಡಬೇಕು. ಹೀಗೆ ಮಾಡಿದರೆ ಮೂರು ನಾಲ್ಕು ಸಲಕ್ಕೆ ಸ್ಥಳ ಕೈಗೆ ಸಿಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಾರುತಿಯೊಂದರಲ್ಲಿ ಹಿಂದಿನ ಸೀಟಿಗೆ ಯಾರಾದರೂ ಹತ್ತಿದಾಗ ಮಾತ್ರ ಹಿಂದೀಪದ ಫ್ಯೂಸು ಸುಡುತ್ತದೆ ಎನ್ನಿ. ಹೊಸ್ತಿಲ ಪಟ್ಟಿಯ ಮೇಲೆ ಕಾಲಿಟ್ಟೊಡನೆ ಪರೀಕ್ಷಾ ಬಲ್ಬು ಹೊತ್ತಿಕೊಳ್ಳುತ್ತದೆ. ಪಟ್ಟಿಯನ್ನು ಬಿಚ್ಚಿ ನೋಡಿದರೆ, ಹಿಂದೆಂದೋ ಕಾರ್ಪೆಟು ಬದಲಿಸಿದಾಗ ಮೂಲದ ಗಿಡ್ಡ ತಿರುಪಿನ ಬದಲು ಉದ್ದನೆಯದೊಂದನ್ನು ಬಿಗಿದಿರುವುದು ಕಾಣುತ್ತದೆ. ಅದರ ಮೊನೆ ತಂತಿಯ ಹೊದಿಕೆಯನ್ನು ಚುಚ್ಚಿದೆ. ಕಾಲಿನ ಭಾರಕ್ಕೆ ಪಟ್ಟಿ ತಗ್ಗಿದಾಗ ಮೊನೆ ತಾಮ್ರವನ್ನು ಮುಟ್ಟುತ್ತದೆ. ನಾಲ್ಕಾಣೆಯ ತಿರುಪಿನಿಂದ ಇಷ್ಟೆಲ್ಲ ರಾದ್ಧಾಂತ!

ದೀಪ ಉರಿಯದ ಅಥವಾ ಮಂಕಾಗಿ ಉರಿಯುವ ದೋಷಕ್ಕೆ ಕ್ರಮ ಬೇರೆ. ಇಲ್ಲಿ ಮೀಟರು ನಮ್ಮನ್ನು ಮೋಸಗೊಳಿಸುವ ಸಂಭವವುಂಟು. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕಿಲುಬಿಗೆ ತುತ್ತಾಗಿ ಒಂದೇ ಉಳಿದಿದ್ದರೂ, ಹೊರೆಯಿಲ್ಲದಾಗ ಮೀಟರು 12 ವೋಲ್ಟನ್ನೇ ತೋರಿಸುತ್ತದೆ. ಆದುದರಿಂದ ದೀಪವನ್ನು ಉರಿಸಿಯೇ ಅಳೆಯಬೇಕು. ಮೀಟರಿನ ಒಂದು ಮೊನೆಯನ್ನು ದೀಪದ ಅರ್ತ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೂ ಹಿಡಿದು ನೋಡಿದಾಗ 0.1 ಅಥವಾ 0.2 ವೋಲ್ಟ್ ಬಂದರೆ ಚಿಂತೆಯಿಲ್ಲ. ಒಂದು ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬಂದರೆ ಅರ್ತಿನ ದಾರಿಯಲ್ಲಿ ತುಕ್ಕಿದೆ. ಹಾಗೆಯೇ ಬ್ಯಾಟರಿಯ ಧನ ಧ್ರುವದಿಂದ ದೀಪದ ಇನ್ನೊಂದು ತುದಿಗೆ ಅಳೆದರೆ ಹೋಗುವ ದಾರಿಯ ನಷ್ಟ ತಿಳಿಯುತ್ತದೆ. ಎರಡು ಬ್ರೇಕು ಬಲ್ಬುಗಳ ಮೂರೂವರೆ ಆಂಪಿಯರ್ ಪ್ರವಾಹಕ್ಕೆ ಅರ್ಧ ಓಮಿನ ಕಿಲುಬು ಅಡ್ಡ ಬಂದರೆ ಸುಮಾರು ಒಂದೂಮುಕ್ಕಾಲು ವೋಲ್ಟ್ ಅಲ್ಲಿಯೇ ಪೋಲು. ಆ ಶಕ್ತಿ ಶಾಖವಾಗಿ ಸಂದನ್ನೇ ಕಾಯಿಸುತ್ತದೆ. ಕಾದು ಕರಕಲಾದ ಪ್ಲಾಸ್ಟಿಕ್ಕು ಕಂಡಲ್ಲಿ ದೋಷವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಬ್ಯಾಟರಿ ಬರಿದಾಗುವ ದೋಷಕ್ಕೆ ಮೀಟರನ್ನು 10 ಆಂಪಿಯರಿನ ಗುರುತಿಗಿಟ್ಟು, ಋಣ ಧ್ರುವಕ್ಕೂ ಅದರ ಕಳಚಿದ ತಂತಿಗೂ ನಡುವೆ ಸೇರಿಸಬೇಕು. ಆಗ ಎಂಜಿನನ್ನು ಚಾಲೂ ಮಾಡಲು ಯತ್ನಿಸಕೂಡದು, ಮೀಟರು ಸುಟ್ಟೀತು. ಎಲ್ಲ ಸ್ವಿಚ್ಚುಗಳೂ ಆರಿರುವಾಗ ಹಳೆಯ ಕಾರು ಹೀರುವುದು ಆಂಪಿಯರಿನ ಸಾವಿರದ ಐವತ್ತು ಪಾಲಿನ ಒಳಗೇ ಇರಬೇಕು. ಮಿಗಿಲಾದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕೆ ಇಳಿಯುತ್ತದೆಯೋ ಆ ದಾರಿಯೇ ಕಳ್ಳದಾರಿ. ಬಾಗಿಲ ಸ್ವಿಚ್ಚು ಮತ್ತು ಹಿಂದಿನ ಒಡೆಯರು ಹಾಕಿಸಿದ ಹಾಡಿನ ಪೆಟ್ಟಿಗೆ ಇವೆರಡರ ಮೇಲೆ ಮೊದಲ ಅನುಮಾನವಿರಲಿ. ತಂತಿಗಳನ್ನು ಬರಿದೆ ಹೊಸೆದು ಟೇಪು ಸುತ್ತಿ ಬಿಟ್ಟ ಜೋಡಣೆಗಳು ಕಾರ್ಪೆಟಿನ ಕೆಳಗೆ ಹೇರಳವಾಗಿ ದೊರೆಯುವುದು ಇಂತಹ ಪೆಟ್ಟಿಗೆಗಳ ಕೃಪೆಯಿಂದಲೇ.

ಅಂಬಾಸಿಡರಿನಂತಹ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ತಂತಿಗಳ ಬಣ್ಣವೂ ದಾರಿ ತೋರುತ್ತದೆ. ಆ ಪದ್ಧತಿಯಲ್ಲಿ ಕಪ್ಪು ಅರ್ತಿಗೆ, ಕಂದು ಬ್ಯಾಟರಿಯಿಂದ ನೇರವಾಗಿ ಬರುವುದಕ್ಕೆ, ಕೆಂಪು ಬದಿದೀಪ ಹಿಂದೀಪಗಳಿಗೆ, ಹಸುರಿನ ಮೇಲೆ ನೇರಳೆ ಗೆರೆ ಬ್ರೇಕು ದೀಪಕ್ಕೆ. ಆದರೆ ಅರ್ಧ ಶತಮಾನದಲ್ಲಿ ಎಷ್ಟು ಕೈಗಳು ಎಷ್ಟು ಬಣ್ಣದ ತುಂಡುಗಳನ್ನು ಸೇರಿಸಿವೆಯೋ! ಬಣ್ಣವನ್ನು ನಂಬಿ ಕೂಡದೆ ಮೀಟರಿನಿಂದ ದೃಢಪಡಿಸಿಕೊಳ್ಳುವುದು ಲೇಸು.

ದುರಸ್ತಿ

ಕಿಲುಬು ಹಿಡಿದ ತಂತಿಯನ್ನು ಒರೆಸಿ ಮತ್ತೆ ಸೇರಿಸಿದರೆ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಂತಿಯ ತುಂಡನ್ನು ಬೆಸೆಯಬೇಕು. ಬೆಸುಗೆಗೆ ರಾಳದ ಮೇಣವೇ ಸರಿ. ತಗಡಿನ ಕೆಲಸದ ಆಮ್ಲವನ್ನು ಬಳಸಿದರೆ ಅದೇ ಮುಂದೆ ತಾಮ್ರವನ್ನು ತಿನ್ನುತ್ತದೆ. ಬೆಸುಗೆಯ ಮೇಲೆ, ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆಯನ್ನು ಹಾಕಬೇಕು. ನಮ್ಮ ಸೆಕೆಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹಲವು ತಂತಿಗಳ ಬೆಸುಗೆಗಳು ಒಂದೇ ನೇರದಲ್ಲಿ ಬಾರದಂತೆ ಹಿಂದುಮುಂದಾಗಿ ಇರಲಿ. ಸಾಧ್ಯವಾದಷ್ಟೂ ಅವು ನೆಲದ ತಗ್ಗಿನಲ್ಲಿರದೆ ಹೊಸ್ತಿಲ ಎತ್ತರದಲ್ಲಿರಲಿ.

ಅರ್ತಿನ ತಿರುಪನ್ನು ಬಿಚ್ಚಿ, ಅದರ ಬುಡದ ಲೋಹವನ್ನು ಮರಳುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಹಲ್ಲಿನ ವಾಷರು ಹಾಕಿ ಬಿಗಿದು, ಆ ಮೇಲೆ ವ್ಯಾಸಲೀನನ್ನು ಸವರಬೇಕು. ತಂತಿಯ ಕಟ್ಟು ಲೋಹದ ತೂತನ್ನು ಹಾಯುವಲ್ಲೆಲ್ಲ ರಬ್ಬರಿನ ಬಳೆ ಇರಲೇಬೇಕು.

ಇಷ್ಟೆಲ್ಲ ಮಾಡಿಯೂ ನೀರು ಬರುವ ದಾರಿಯನ್ನು ಮುಚ್ಚದಿದ್ದರೆ ಮುಂದಿನ ಆಷಾಢಕ್ಕೆ ಎಲ್ಲವೂ ಮೊದಲಿನಂತೆಯೇ. ಕಾರ್ಪೆಟು ಹೊರಗಿರುವಾಗಲೇ ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಮೊದಲಿಟ್ಟು ಮೇಲಕ್ಕೆ, ಒಂದೊಂದು ಕಡೆ ಐದು ನಿಮಿಷದಂತೆ: ಮೊದಲು ಹೊಸ್ತಿಲು, ಬಳಿಕ ಬಾಗಿಲು, ಕೊನೆಗೆ ಗಾಜಿನ ಅಂಚು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆಗೂ ಇಳಿದು ದಾರಿ ತಿಳಿಯದಾಗುತ್ತದೆ. ಒಳನೆಲಕ್ಕೆ ಸೀಮೆಸುಣ್ಣದ ಪುಡಿ ಉದುರಿಸಿದ್ದರೆ ನೀರಿನ ಜಾಡು ಸ್ಪಷ್ಟವಾಗಿ ಮೂಡುತ್ತದೆ. ಫೆಲ್ಟನ್ನು ಪೂರ್ತಿ ಒಣಗಿಸದೆ ಮತ್ತೆ ಹಾಸಬಾರದು. ಮಳೆಗಾಲದಲ್ಲಿ ಅದು ಒಣಗದಾದರೆ ಬಿಸಿಲು ಬರುವವರೆಗೆ ಬರಿ ನೆಲದಲ್ಲೇ ಕಾರು ಓಡಿಸುವುದು ಮೇಲು. ನೋಟಕ್ಕೆ ಚೆಂದವಲ್ಲದಿದ್ದರೂ ತಂತಿಗೆ ಅದೇ ಹಿತ.

ಕೆಲಸಗಾರನಿಗೆ ಒಪ್ಪಿಸುವಾಗ

ಎಲ್ಲರೂ ಇದನ್ನು ಸ್ವತಃ ಮಾಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಕೆಲಸಗಾರನ ಬಳಿ ಹೋದಾಗ ‘ಲೈಟು ಸರಿಯಿಲ್ಲ’ ಎಂದಷ್ಟೆ ಹೇಳಿ ಬರುವುದಕ್ಕೂ, ‘ಮಳೆ ಬಂದ ಮರುದಿನ, ಎಡಗಡೆಯ ಬ್ರೇಕು ದೀಪ ಮಾತ್ರ, ಹಿಂದೆ ಯಾರಾದರೂ ಕುಳಿತಾಗ’ ಎಂದು ಬಿಡಿಸಿ ಹೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತು ಕೆಲಸಗಾರನ ಅರ್ಧ ದಿನವನ್ನೂ ನಮ್ಮ ಹಣವನ್ನೂ ಉಳಿಸುತ್ತದೆ. ಕೆಲಸ ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಬೇಕು: ದೋಷ ಎಲ್ಲಿತ್ತು? ಕತ್ತರಿಸಿ ತೆಗೆದ ತಂತಿಯ ತುಂಡು ಎಲ್ಲಿ? ನೀರು ಎಲ್ಲಿಂದ ಬರುತ್ತಿತ್ತು? ಮೂರಕ್ಕೂ ಉತ್ತರ ದೊರೆತರೆ ರೋಗ ವಾಸಿಯಾಗಿದೆ. ‘ಫ್ಯೂಸು ದೊಡ್ಡದು ಹಾಕಿದ್ದೇನೆ, ಇನ್ನು ತೊಂದರೆಯಿಲ್ಲ’ ಎಂಬ ಉತ್ತರ ಬಂದರೆ, ಅಲ್ಲಿಯೇ ನಿಂತು ಆ ಫ್ಯೂಸನ್ನು ತೆಗೆಸಬೇಕು.

ಮನೆಯಲ್ಲಿ ಕಾರು ನಡೆಸುವವರಿಗೆ ಮಾತ್ರವಲ್ಲ, ಅದರಲ್ಲಿ ಕೂರುವ ಎಲ್ಲರಿಗೂ, ಹೆಂಗಸರು ಮಕ್ಕಳಾದಿಯಾಗಿ, ಎರಡು ಸಂಗತಿಗಳು ತಿಳಿದಿರಲಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದೊಡನೆ ಕಾರನ್ನು ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ ಎಂಜಿನನ್ನು ಆರಿಸಿ, ಎಲ್ಲರೂ ಇಳಿದು ದೂರ ಸರಿಯುವುದು ಒಂದು. ಬ್ಯಾಟರಿಯ ಋಣ ಧ್ರುವವನ್ನು ಕಳಚುವ ಸ್ಪ್ಯಾನರನ್ನು ಎಲ್ಲಿಟ್ಟಿದೆ, ಯಾವ ತಂತಿಯನ್ನು ಕಳಚಬೇಕು ಎಂಬುದು ಇನ್ನೊಂದು. ಹೊಗೆ ಬಾನೆಟ್ಟಿನಿಂದಲೇ ಬರುತ್ತಿದ್ದರೆ ಅದನ್ನು ತೆರೆಯುವ ಸಾಹಸ ಬೇಡ; ವಸ್ತು ಹೋದರೆ ಮತ್ತೆ ಬಂದೀತು.

ಮೇ ತಿಂಗಳ ಒಂದು ಭಾನುವಾರ, ಅಡಕೆಯ ಕೆಲಸ ಬಿಡುವಾದಾಗ, ಕಾರಿನ ನಾಲ್ಕೂ ಬಾಗಿಲು ತೆರೆದು, ಕಾಲ ಕೆಳಗಿನ ಕಾರ್ಪೆಟನ್ನು ಅಂಗೈಯಿಂದ ಒತ್ತಿ ನೋಡಿರಿ. ಗಾಜಿನ ಬುಡದ ಕಸವನ್ನು ತೆಗೆಯಿರಿ. ಬ್ರೇಕು ತುಳಿದು, ಹಿಂದೆ ಒಬ್ಬರನ್ನು ನಿಲ್ಲಿಸಿ ದೀಪಗಳನ್ನು ಎಣಿಸಿರಿ. ಜೂನ್ ತಿಂಗಳ ನಡುರಾತ್ರಿಯಲ್ಲಿ ಮಂಗಳೂರಿನ ದಾರಿ ಹಿಡಿಯಬೇಕಾಗಿ ಬಂದರೆ, ಆ ಒಂದು ಗಂಟೆಯ ದುಡಿಮೆ ವ್ಯರ್ಥವಾಗುವುದಿಲ್ಲ.